ಬದಲಿ ತವರು

ಮುಂಜಾನೆ ಹುಬ್ಬಳ್ಳಿ ವಿಮಾನ ನಿಲ್ದಾಣದ ಫಲಕದ ಮೇಲೆ ಆ ದಿನದ ದೂರಗಳನ್ನು ಹಾಕಿದ್ದರು. ನಿನ್ನೆ ಒಂದು ತಾಸಿನ ಹಾದಿಯಾಗಿದ್ದ ಮೈಸೂರು ರಾತ್ರೋರಾತ್ರಿ ಸರಿದು ಮೂರು ದಿನದಷ್ಟು ದೂರ ಹೋಗಿತ್ತು. ಅಲ್ಲಿ ಶಿವಪುತ್ರಪ್ಪನ ತಂಗಿ ನೀಲವ್ವ ತೀರಿಕೊಂಡಿದ್ದಳು. ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ.

"ಇವತ್ತ ಸಂಜೀತನಕ ಅಷ್ಟ ಇಡ್ತಾರಂತವಾ," ಎಂದ ಅವನು, ಸೀರೆಯ ಗಂಟು ಹಿಡಿದುಕೊಂಡು, ಕೌಂಟರಿನ ಹುಡುಗಿಗೆ.

"ಅಜ್ಜಾರ, ಮೈಸೂರಾಗೂ ಒಬ್ರು ಹಿಂಗ ಸೀರಿ ಹಿಡ್ಕೊಂಡು ನಿಂತಾರ್ರಿ. ಅವರ ತಂಗಿ ಇಲ್ಲೇ ಕೇಶ್ವಾಪುರದಾಗ ತೀರ್ಕೊಂಡಾರ. ಬದಲಿ ಮಾಡ್ಲೇನ್ರಿ? ಈಗ ಎಲ್ಲಾರೂ ಹಂಗ ಮಾಡಾಕತ್ತಾರ. ಅವರು ನಿಮ್ಮ ತಂಗಿಗೆ ಹೊದಿಸ್ತಾರ, ನೀವು ಅವರ ತಂಗಿಗೆ."

"ಮಾಡವಾ," ಎಂದ.

ಕೇಶ್ವಾಪುರದ ಮನೆಯವರು "ತವರಿನವರು ಬಂದ್ರು, ದಾರಿ ಬಿಡ್ರಿ" ಎಂದರು. ಒಳಗೆ ಗುರುತಿಲ್ಲದ ಮುಖ. ಅವನು ಸೀರೆಯ ಮಡಿಕೆ ಬಿಡಿಸಿ ಕೊರಳತನಕ ಹೊದಿಸಿದ. ಅಳು ಬರಲಿಲ್ಲ.

ಬದಲಿಗೆ ಬಂದವನೆಂದು ಗೊತ್ತಿದ್ದೂ ಆ ಮನೆಯ ಸೊಸೆ ಪಕ್ಕದಲ್ಲಿ ಕುಳಿತು ಕೇಳಿದಳು: "ನಮ್ಮ ಅತ್ತಿ ಸಣ್ಣಾಕಿ ಇದ್ದಾಗ ಹೆಂಗಿದ್ರು, ಮಾಮಾರ?"

"ಭಾಳ ಹಟಮಾರಿ ಇದ್ಲವಾ," ಎಂದ ಶಿವಪುತ್ರಪ್ಪ. "ನಾ ಹೆಗಲ ಮ್ಯಾಲೆ ಕುಂಡ್ರಿಸ್ಕೊಂಡ್ರ ಮಾತ್ರ ಸಾಲಿಗೆ ಹೋಗ್ತಿದ್ಲು."