ತಾಯಿ ಚಿಟ್ಟೆ

ಮೈಕ್ರೋಸ್ಕೋಪಿನಡಿ ಅಕ್ಕಿನುಚ್ಚಿನಂಥ ಹೊಳೆಯುವ ಕಾಳುಗಳು ಕಂಡವು. ಗಂಟು ರೋಗ, ಸಂಶಯವೇ ಇಲ್ಲ. ಮೊಟ್ಟೆಯಿಟ್ಟ ರೇಷ್ಮೆ ಚಿಟ್ಟೆಯನ್ನು ಅರೆದು, ಅದರಲ್ಲಿ ರೋಗವಿದೆಯೇ ಎಂದು ನೋಡುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ತಾಯಿಯಲ್ಲಿ ರೋಗ ಕಂಡರೆ ಅದರ ಮೊಟ್ಟೆಯೆಲ್ಲ ಒಲೆಗೆ. ಚಿಟ್ಟೆ ಮೊಟ್ಟೆಯಿಟ್ಟ ಹಾಳೆಯ ಮೇಲೆ ಅಡ್ಡಗೆರೆ ಎಳೆಯಲು ಒಂದು ದಿನವೂ ಹಿಂದೆಮುಂದೆ ನೋಡಿದವಳಲ್ಲ. ಇವತ್ತು ಮಾತ್ರ ಪೆನ್ಸಿಲ್ ಹಿಡಿದ ಕೈ ಮೇಲಕ್ಕೇಳಲಿಲ್ಲ.

ಹಾಳೆ ಒಯ್ಯಲು ಪಕ್ಕದಲ್ಲಿ ಕಾಯುತ್ತಿದ್ದವಳು ಅವಳ ಮಗಳೇ. ನಿನ್ನೆ ಸಂಬಂಧ ಕೇಳಿಕೊಂಡು ಬಂದವರು ಹುಡುಗಿ ಬಂಗಾರ ಎಂದು ಬಾಯ್ತುಂಬ ಹೊಗಳಿದ್ದರು. ಲೋಟ ಕೊಡಲು ಚಾಚಿದ ತಾಯಿಯ ಮಣಿಕಟ್ಟಿನ ಮೇಲೆ ಬಿಳಿ ಮಚ್ಚೆ ಕಂಡದ್ದೇ ತಡ, ಎದ್ದೇಬಿಟ್ಟರು. "ತಾಯಿಗಿರೋದು ಮಗಳಿಗೆ ಬರದೆ ಇರುತ್ತಾ?" ಎಂದು ಹುಡುಗನ ಚಿಕ್ಕಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಎಲ್ಲರಿಗೂ ಕೇಳುವಂತೆ ಅಂದಿದ್ದಳು.

"ಏನಮ್ಮಾ, ರೋಗ ಇದ್ಯಾ?" ಮಗಳು ಕೇಳಿದಳು.

"ಇದೆ."

ಮಗಳು ಹಾಳೆ ಎತ್ತಿಕೊಂಡಳು. ಸಾಸಿವೆ ಚೆಲ್ಲಿದಂತೆ ನಾನೂರಕ್ಕೂ ಹೆಚ್ಚು ಹಳದಿ ಮೊಟ್ಟೆಗಳು. "ಇಷ್ಟಕ್ಕೂ ಬಂದಿರುತ್ತಾ?"

ತಾಯಿ ಮೇಲಂಗಿಯ ತೋಳನ್ನು ಕೆಳಗೆಳೆದು ಮಣಿಕಟ್ಟು ಮುಚ್ಚಿಕೊಂಡಳು. "ಇಲ್ಲ. ಎಷ್ಟೋ ಮೊಟ್ಟೆ ಚೆನ್ನಾಗೇ ಇರ್ತವೆ."

"ಮತ್ಯಾಕೆ ಎಲ್ಲಾನೂ ಸುಡೋದು?"

"ಒಂದೊಂದೇ ನೋಡ್ತಾ ಕೂರೋಕೆ ಯಾರಿಗೆ ಪುರುಸೊತ್ತಿದೆ?" ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ತಾನಾಗಿ ಹೊರಬಿತ್ತು. ಅಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಮಗಳು ಒಲೆಯ ಬಾಗಿಲು ತೆರೆದಳು.

"ನಿನ್ನೆ ಬಂದವರಿಗೂ ಪುರುಸೊತ್ತಿರಲಿಲ್ಲ ಬಿಡಮ್ಮ," ಎಂದು ಹಾಳೆಯನ್ನು ಒಳಗೆ ಹಾಕಿದಳು.