ವರ್ನೀಸ್ ಬರೆದ ಹಾಗೆಯೇ

ಬೀನ್ಸ್‌ನ ನಾರು ಬಿಡಿಸುತ್ತಿದ್ದ ಆರ್ಲೀನಳ ಕೈ ಬೇಲಿಯಾಚೆಯ ಕೂಗಿಗೆ ನಿಂತಿತು.

"ಆರ್ಲೀನ್! ರೇಡಿಯೋ ಹಾಕಮ್ಮಾ ಬೇಗ! ನಿನ್ ತಂಗಿ ಹಾಡನ್ನ ಇನ್ಯಾರೋ ಹಾಡಿದಾಳಂತೆ, ಈಗ್ಲೇ ಬರುತ್ತಂತೆ!" ಪಕ್ಕದ ಮನೆಯ ಮುದುಕ ಹೋಬರ್ಟ್ ಏದುಸಿರು ಬಿಡುತ್ತ ಬಂದು ಜಗಲಿಯ ಮೆಟ್ಟಿಲ ಮೇಲೆ ಕುಳಿತ. "ಹೋದ್ಸಲ ಹಾಡಲ್ಲಿ ನಾಯಿಮರಿ ತಂದಿಟ್ಟಿದ್ರು. ಈ ಸಲ ಏನ್ ತರ್ತಾರೋ, ಕರುವೋ ಕತ್ತೆಯೋ!"

ಜಗಲಿಯಂಚಿನಲ್ಲಿ ಬರಿಗಾಲು ಇಳಿಬಿಟ್ಟು ಬೀನ್ಸ್ ಮುರಿಯುತ್ತಿದ್ದ ಎಂಟು ವರ್ಷದ ಐವಾ ಕಿಸಕ್ಕನೆ ನಕ್ಕಳು. ಆರ್ಲೀನ್ ಏಳುವ ಮೊದಲೇ ಓಡಿಹೋಗಿ ಕಿಟಕಿಯಲ್ಲಿದ್ದ ರೇಡಿಯೋ ತಿರುಗಿಸಿ, ಮತ್ತೆ ಬಂದು ಕುಳಿತಳು.

ಆ ಹಾಡೆಂದರೆ ಆರ್ಲೀನಳಿಗೆ ಹೆದರಿಕೆ. ಹುಟ್ಟಿ ಹದಿನೈದು ದಿನವಾಗಿದ್ದ ಐವಾಳನ್ನು ಅವಳ ಮಡಿಲಿಗೆ ಹಾಕಿ, ತಂಗಿ ವರ್ನೀಸ್ ಹಾಡುಗಾರರ ಊರಾದ ನ್ಯಾಶ್‌ವಿಲ್‌ನ ಬಸ್ಸು ಹತ್ತಿದ್ದಳು. ಹೊರಡುವ ಮುನ್ನ ಹಿಟ್ಟಿನ ಚೀಲದ ಕಾಗದದ ಮೇಲೆ ಬರೆದದ್ದು ಆ ಹಾಡು. ಊರಿಗೆಲ್ಲ ವಿಷಯ ಗೊತ್ತು. ಆದರೆ ಕೆಂಟಕಿಯ ಆ ಕಣಿವೆಯಲ್ಲಿ ಅಂಥ ಮಾತನ್ನು ಯಾರೂ ಮಗುವಿನ ಮುಂದೆ ಆಡುವುದಿಲ್ಲ. ಆಡಬಹುದಾಗಿದ್ದದ್ದು ಹಾಡೊಂದೇ.

ಇಲ್ಲಿಯವರೆಗೆ ಹಾಡುಗಾರರೇ ಅವಳನ್ನು ಕಾಪಾಡಿದ್ದರು. ಮೊದಲು ಹಾಡಿದವನು ಗಂಡಸು. ಹಾಡಿನಲ್ಲಿದ್ದ ತಾಯಿಯನ್ನು ತಂದೆ ಮಾಡಿದ, ಮಗಳನ್ನು ಮಗ ಮಾಡಿದ, ಅಕ್ಕನ ಮಡಿಲಿದ್ದಲ್ಲಿ ಚರ್ಚಿನ ಮೆಟ್ಟಿಲು ತಂದ. ಆಮೇಲೆ ಮೂವರು ಅಣ್ಣತಮ್ಮಂದಿರು ಮಗುವನ್ನೇ ತೆಗೆದು ನಾಯಿಮರಿ ಇಟ್ಟು, ಬ್ಯಾಂಜೊ ಬಾರಿಸಿ, ಶನಿವಾರದ ಕುಣಿತಕ್ಕೆ ಒಗ್ಗಿಸಿಕೊಂಡರು. ಆ ಹಾಡಿಗೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ಆರ್ಲೀನ್.

"ಈ ಗಾಯಕಿ ಹಾಡು ಬರೆದವರನ್ನೇ ಹುಡುಕಿಕೊಂಡು ಹೋಗಿದ್ದಾರೆ," ಎಂದಿತು ರೇಡಿಯೋ. "ಮೂಲ ಕಾಗದ ನೋಡಿ, ಒಂದಕ್ಷರವನ್ನೂ ಬದಲಿಸದೆ ಹಾಡಿದ್ದಾರೆ."

ಆರ್ಲೀನ್ ಎದ್ದಳು. ಮಡಿಲಲ್ಲಿದ್ದ ಬೀನ್ಸ್ ನೆಲದ ಮೇಲೆಲ್ಲ ಚೆಲ್ಲಿತು. "ಐವಾ, ಕೋಳಿಗಳಿಗೆ ಕಾಳು ಹಾಕಿದ್ಯೇನೇ?"

"ಆಗ್ಲೇ ಹಾಕ್ದೆ. ಸುಮ್ನಿರಮ್ಮ, ಶುರುವಾಯ್ತು."

ಆರ್ಲೀನ್ ಕಿಟಕಿಗೆ ಹೋಗಿ ರೇಡಿಯೋದ ಗುಂಡಿಯ ಮೇಲೆ ಬೆರಳಿಟ್ಟಳು. ಈಗ ಆರಿಸಿದರೆ ಬಾಯಿಬಿಟ್ಟು ಹೇಳಿದಂತೆಯೇ. ಒಂದೇ ಗಿಟಾರು, ಒಂದೇ ಹೆಣ್ಣುದನಿ:

"ಫೆಬ್ರವರಿಯ ಹಿಮದಲ್ಲಿ ಅಕ್ಕನ ಮಡಿಲಲ್ಲಿ ಇಟ್ಟುಬಂದೆ,
ಎಡಗಾಲಲ್ಲಿ ಅಂಟಿದ ಬೆರಳೆರಡು, ದೇವರೇ ಹೊಲಿದ ಜೋಡಿ…"

ಹೋಬರ್ಟ್ ನಗಲಿಲ್ಲ. ಟೋಪಿ ಹುಡುಕಿದ; ಅದು ತಲೆಯ ಮೇಲೇ ಇತ್ತು. "ಬಿಸಿಲೇರ್ತಾ ಇದೆ, ಬರ್ತೀನಮ್ಮ," ಎಂದು ಯಾರ ಮುಖವನ್ನೂ ನೋಡದೆ ಬೇಲಿ ದಾಟಿದ.

ಐವಾ ಎಡಗಾಲನ್ನು ಮೆಲ್ಲಗೆ ಮೇಲೆಳೆದುಕೊಂಡಳು. ಕೂಡಿಕೊಂಡಿದ್ದ ಎರಡು ಬೆರಳನ್ನು ಒಮ್ಮೆ ನೋಡಿದಳು. ಲಂಗ ಎಳೆದು ಮುಚ್ಚಿದಳು.

ಹಾಡು ಮುಗಿದು ಸೋಪಿನ ಜಾಹೀರಾತು ಬಂತು. ಆರ್ಲೀನ್ ಮಗುವಿನ ಪಕ್ಕ ಕುಳಿತಳು. 'ಆ ಮಗು ನಾನೇನಾ?' ಎಂದು ಐವಾ ಕೇಳುತ್ತಾಳೆ, ಕೇಳಿಯೇ ಕೇಳುತ್ತಾಳೆ. ಅದಕ್ಕೆ ಉತ್ತರವನ್ನು ಆರ್ಲೀನ್ ಹಾಲು ಕರೆಯುವಾಗ, ಬಟ್ಟೆ ಹಿಂಡುವಾಗ ಎಂಟು ವರ್ಷ ಕಲಿತಿಟ್ಟುಕೊಂಡಿದ್ದಳು.

ಐವಾ ತಲೆಯೆತ್ತಲಿಲ್ಲ. ಅವಳ ಕೈ ಮಾತ್ರ ತಾಯಿಯ ಏಪ್ರನ್ನಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

"ಅಮ್ಮ… ವರ್ನೀಸ್ ಚಿಕ್ಕಮ್ಮ ಬಂದು ವಾಪಸ್ ಕೇಳಿದ್ರೆ, ನನ್ನ ಕೊಟ್ಬಿಡ್ತೀಯಾ?"