ಮಾವನ ರೇಷ್ಮೆ ಶಲ್ಯ

ಗೋಣಿ ಸುಟ್ಟ ವಾಸನೆ ಬಂದರೆ ಇವತ್ತಿಗೂ ನಾನು ಹಲ್ಲು ಕಚ್ಚುತ್ತೇನೆ.

ಬಂದರಿನ ಬಾಡಿಗೆ ಮನೆ ಬಿಟ್ಟು ನಾವು ದೇರೆಬೈಲಿನ ಹೊಸ ಮನೆಗೆ ಬಂದಾಗ, ಗಬ್ಬದ ಬೆಕ್ಕು ಮಲಗುತ್ತಿದ್ದ ಹಳೆಯ ಗೋಣಿಯನ್ನೂ ಅಜ್ಜಿ ತಂದಿದ್ದರು. "ಅದರ ವಾಸನೆ ಅದಕ್ಕೆ ಬೇಕು. ಇಲ್ಲದಿದ್ರೆ ಹೆದರ್ತದೆ" ಎಂದು ಅಕ್ಕಿಮುಡಿಯ ಹಿಂದೆ ಹಾಸಿದರು.

ನನ್ನ ಸೋದರಮಾವ ಅದನ್ನು ಎಳೆದು ಬಚ್ಚಲೊಲೆಗೆ ತುರುಕಿದರು. ನಾನು ಅತ್ತುಬಿಟ್ಟೆ. "ಹೊಸ ಮನೆಯಲ್ಲಿ ಎಂತ ನಾತ ಮಾರಾಯ್ತಿ ಇದು! ಬೆಕ್ಕಿಗೆ ಎಂತ ಬೇಸರ?" ಎಂದು ಮಾವ ನಕ್ಕರು.

ಬೆಕ್ಕು ಅಟ್ಟದ ಮೂಲೆ ಸೇರಿತು. ಬೂತಾಯಿ ಮೀನಿನ ತಲೆ ಇಟ್ಟರೂ ಮೂಸಲಿಲ್ಲ. ಮುಟ್ಟಿದರೆ ಗಡಗಡ ನಡುಗುತ್ತಿತ್ತು.

ಮರುದಿನ ಮಾವನಿಗೆ ಮದುವೆಯೊಂದಕ್ಕೆ ಹೋಗಲಿಕ್ಕಿತ್ತು. ಮದುವೆಯ ಹಿಂದಿನ ಮಧ್ಯಾಹ್ನ ಅವರು ಗೊರಕೆ ಹೊಡೆಯುತ್ತಿದ್ದಾಗ ಅವರ ಜರಿಯಂಚಿನ ರೇಷ್ಮೆ ಶಲ್ಯವನ್ನು ತೆಗೆದೆ. ಬೆಕ್ಕಿಗೆ ನನ್ನ ವಾಸನೆ ಗೊತ್ತಿತ್ತು. ಅದಕ್ಕೇ ಬೆವರಿದ ಮೈಗೆ ಶಲ್ಯ ಸುತ್ತಿಕೊಂಡು ಚೆನ್ನಾಗಿ ಉಜ್ಜಿ ಅಟ್ಟದಲ್ಲಿ ಹಾಸಿದೆ. ಬೆಕ್ಕು ಮೂಸಿತು. ಉಗುರಿನಿಂದ ಜರಿ ಕೀಳುತ್ತ, ಗುರುಗುಟ್ಟುತ್ತ ಮಲಗಿತು.

ಬೆಳಿಗ್ಗೆ ನೋಡಿದರೆ ಶಲ್ಯದ ಮೇಲೆ ಮೂರು ಮರಿಗಳು.

ಶಲ್ಯ ಎಳೆಯಲು ಮಾವ ಅಟ್ಟದ ಏಣಿಗೆ ಕೈ ಚಾಚಿದರು. ಅಜ್ಜಿ ಏಣಿಗೆ ಅಡ್ಡ ನಿಂತರು. "ಬಾಣಂತಿಯನ್ನು ಎಬ್ಬಿಸ್ಬೇಡ!"

"ನನ್ನ ಶಲ್ಯ, ಅಮ್ಮಾ!"

"ಬೆಕ್ಕಿಗೆ ಬೇಸರ ಆಗ್ತದೆ, ಮಾವ" ಎಂದೆ ನಾನು.

ಮಾವ ಬರಿ ಹೆಗಲಲ್ಲೇ ಮದುವೆಗೆ ಹೋದರು. ನನಗೆ ಅಷ್ಟು ಸಾಲಲಿಲ್ಲ. ಮರಿಗಳು ಅಟ್ಟದಿಂದ ಇಳಿದು ಓಡಾಡತೊಡಗಿದ ಮೇಲೆ, ಒಂದು ಬೆಳಿಗ್ಗೆ ಆ ಶಲ್ಯವನ್ನು ಬಚ್ಚಲೊಲೆಗೆ ತುರುಕಿದೆ. ಒಳಗೆ ಮಾವ ಮೈಗೆ ನೀರು ಹೊಯ್ದುಕೊಳ್ಳುತ್ತಿದ್ದರು.

ಹೊರಗಿನಿಂದ ಕೂಗಿ ಕೇಳಿದೆ, "ನೀರು ಬಿಸಿ ಉಂಟಾ, ಮಾವ?"